ಬೂದು ಬಣ್ಣಕ್ಕೆ ತಿರುಗಿದ ಡಬ್ಬಿಗಳು

ಮಾರ್ಚ್ 18, ಮಂಗಳವಾರ, ಮಧ್ಯಾಹ್ನ ಮೂರು ಗಂಟೆ. ಅಥಣಿ ತಾಲೂಕಿನ ಆ ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಮಲ್ಲೇಶ ಊಟದ ಡಬ್ಬಿ ಮುಚ್ಚಿ ಕೈ ಒರೆಸಿಕೊಳ್ಳುತ್ತಿದ್ದ. ಬಾಗಿಲಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಬಂದು ನಿಂತಳು. ಬರಿಗಾಲು, ಬೆರಳ ತುದಿಯೆಲ್ಲ ಹಳದಿ, ಸೀರೆಯಿಂದ ಕಡ್ಡಿ ಗೀರಿದಾಗ ಬರುವಂಥ ಘಾಟು. ಠಾಣೆಗೆ ಬರುವವರು ಸಾಮಾನ್ಯವಾಗಿ ಇನ್ನೊಬ್ಬರ ಹೆಸರು ಹೇಳಲು ಬರುತ್ತಾರೆ. ಈಕೆ ತನ್ನದೇ ಹೆಸರು ಹೇಳಿದಳು.

"ತುಳಸವ್ವ ಅಂತ್ರಿ, ತೆಲಸಂಗದಾಕಿ. ನಾ ಒಬ್ಬಾಂವನ್ನ ಕೊಂದ ಬಂದೇನಿ. ಬರ್ಕೋರಿ."

ತನ್ನ ಕೈಬರಹದ ಬಗ್ಗೆ ಮಲ್ಲೇಶನಿಗೆ ಬಹಳ ಹೆಮ್ಮೆ. ಆದರೆ ಆ ಕ್ಷಣದಲ್ಲಿ ಅವನಿಗೆ ಕಿಸೆಯಲ್ಲಿದ್ದ ಪೆನ್ನೇ ಸಿಗಲಿಲ್ಲ. ಒಳಗಿನಿಂದ ಇನ್‌ಸ್ಪೆಕ್ಟರ್ ಶ್ರೇಣಿಕ ಮಗದುಮ ಎದ್ದು ಬಂದು ಆಕೆಗೆ ಬೆಂಚು ತೋರಿಸಿದರು. ಆಕೆ ಕೂಡಲಿಲ್ಲ.

"ಯಾರನ್ನ ಕೊಂದಿ?"

"ಸಮಾಧಾನನ್ನ್ರಿ. ವಿರುಪಾಕ್ಷಪ್ಪ ಗೌಡ್ರ ದ್ರಾಕ್ಷಿ ಘಟಕದಾಗ ಎಲ್ಲಾ ಅವನ ನೋಡ್ಕೊಂತಿದ್ದ. ನನಗ ಮಾವ್ಶಿ ಅಂತಿದ್ದ, ಅವ್ವನ ತಂಗಿ ಇದ್ದಂಗ."

"ಹೆಂಗ?"

"ಅಂವ ಒಳಗಿದ್ದಾಗ ಕದಾ ಹಾಕಿ ಗಂಧಕ ಹಚ್ಚಿದೆ."

"ಒಳಗ ಅದಾನಂತ ಗೊತ್ತಿತ್ತೇನು?"

"ಚಪ್ಪಲಿ ಇರಲಿಲ್ರಿ." ಆಕೆ ತನ್ನ ಬರಿಗಾಲನ್ನು ನೋಡಿಕೊಂಡಳು. "ಬಾಗಲದಾಗ ಚಪ್ಪಲಿ ಇದ್ರ ಒಳಗ ಮಂದಿ ಅದಾರಂತ ತಿಳೀಬೇಕು. ನೋಡಿದೆ, ಇರಲಿಲ್ಲ. ಕದಾ ಹಾಕಿದೆ. ಆದ್ರೂ ಒಮ್ಮೆ ಕೂಗಬೇಕಿತ್ರಿ. ಕೂಗಲಿಲ್ಲ."

ಒಣದ್ರಾಕ್ಷಿಗೆ ಬಂಗಾರದ ಬಣ್ಣ ಬರಲೆಂದು ಗಂಧಕದ ಹೊಗೆ ಕೊಡುತ್ತಾರೆ. ತಟ್ಟೆಗಳಲ್ಲಿ ಹರವಿದ ಮಾಲನ್ನು ಗಾಳಿಯಾಡದ ಕೋಣೆಯೊಳಗೆ ಪೇರಿಸಿ, ಕದ ಮುಚ್ಚಿ, ಹೊರಗಿನ ಒಲೆಯಲ್ಲಿ ಗಂಧಕ ಸುಟ್ಟರೆ ಕೊಳವೆಯ ಮೂಲಕ ಹೊಗೆ ಒಳಗೆ ಹೋಗುತ್ತದೆ. ತಿನ್ನುವ ಪದಾರ್ಥವಾದ್ದರಿಂದ ಕೋಣೆಯೊಳಗೆ ಬರಿಗಾಲಲ್ಲೇ ಹೋಗಬೇಕು. ಚಪ್ಪಲಿ ಹೊಸ್ತಿಲ ಬಳಿ ಇರುತ್ತದೆ. ಅದೇ ಅಲ್ಲಿಯ ಗುರುತು. ಯಾರೂ ಬರೆದಿಟ್ಟ ನಿಯಮವಲ್ಲ, ಆದರೆ ಎಲ್ಲರೂ ಪಾಲಿಸುತ್ತಿದ್ದರು.

"ಗೌಡ್ರು ನಮಗ ಯಾಕ ಫೋನ್ ಮಾಡಿಲ್ಲ?"

"ಮಾಡ್ತೀನಿ ಅಂದ್ರು. ಮೊದಲ ಯಾರ್‍ಯಾರಿಗೋ ಮಾಡಾಕತ್ತಿದ್ರು. ನಾ ಟಂಟಂ ಗಾಡಿ ಹತ್ತಿ ಬಂದೆ."

ಶ್ರೇಣಿಕ ಟೊಪ್ಪಿಗೆ ತೆಗೆದುಕೊಂಡರು. ತಾನೇ ಬಂದು ತಪ್ಪೊಪ್ಪಿಕೊಳ್ಳುವವರನ್ನು ಕಂಡರೆ ಅವರಿಗೆ ಸುಖವಾಗುವುದಿಲ್ಲ. ಅಂಥವರ ಹಿಂದೆ ಯಾವಾಗಲೂ ಇನ್ಯಾರೋ ಇರುತ್ತಾರೆ ಎಂಬುದು ಅವರ ಅನುಭವ. ಮಹಿಳಾ ಕಾನ್‌ಸ್ಟೇಬಲ್ ಪ್ರಾಜಕ್ತಾಳಿಗೆ ಜೀಪು ಹತ್ತಲು ಹೇಳಿದರು.

ಘಟಕ ಊರ ಹೊರಗಿತ್ತು. ಒಂದು ಬದಿಗೆ ಗೌಡರ ದೊಡ್ಡ ಮನೆ, ಅದರ ಗೋಡೆಗೇ ಅಂಟಿಕೊಂಡು ಗಂಧಕದ ಕೋಣೆ, ಆಚೆಗೆ ಹಸಿರು ಬಲೆ ಹೊದಿಸಿದ ಒಣಗಿಸುವ ಶೆಡ್ಡುಗಳು. ಸುತ್ತಲೂ ಬಿಸಿಲು ಸುರಿಯುತ್ತಿತ್ತು. ಹತ್ತಿಪ್ಪತ್ತು ಹೆಂಗಸರು ಬೇವಿನ ಗಿಡದ ಕೆಳಗೆ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದರು. ದ್ರಾಕ್ಷಿ ತೊಳೆಯುವ ಯಂತ್ರ ಮಾತ್ರ ಯಾರೂ ನಿಲ್ಲಿಸದೆ ಗಡಗಡ ಓಡುತ್ತಿತ್ತು. ಮಲ್ಲೇಶ ಹೋಗಿ ಬಂದ್ ಮಾಡಿದ.

ಸಮಾಧಾನನಿಗೆ ಮೂವತ್ತರೊಳಗಿನ ವಯಸ್ಸು. ಹೊರಗೆ ತಂದು ಮಲಗಿಸಿದ್ದರು. ಪಂಚರನ್ನು ಕರೆಸಿ ಶವಪಂಚನಾಮೆ ಶುರುವಾಯಿತು. ಮಲ್ಲೇಶ ಬರೆದುಕೊಂಡ: ಬಲಗೈ ಹೆಬ್ಬೆರಳ ಚರ್ಮ ಕಿತ್ತಿದೆ, ಎರಡೂ ಕೈಗಳ ಗೆಣ್ಣು ಒಡೆದು ರಕ್ತ ಬಂದಿದೆ. ಕೋಣೆಯೊಳಗೆ ಕದದ ಪಕ್ಕದಲ್ಲಿ ಒಂದು ಕೆಂಪು ಗುಂಡಿ ಇತ್ತು. ಅದರ ಪ್ಲಾಸ್ಟಿಕ್ ಮುಚ್ಚಳ ನುಚ್ಚಾಗಿತ್ತು. ಎದುರಿನ ಗೋಡೆಯ ಹಳದಿ ಧೂಳಿನಲ್ಲಿ ಮುಷ್ಟಿಯ ಗುರುತುಗಳು ಒಂದರ ಮೇಲೊಂದು ಬಿದ್ದಿದ್ದವು. ಆ ಗೋಡೆಯ ಆಚೆಗೆ ಗೌಡರ ಪಡಸಾಲೆ.

"ಈ ಗುಂಡಿ ಎದಕ್ಕ?" ಶ್ರೇಣಿಕ ಕೇಳಿದರು.

ಉತ್ತರ ಕೊಟ್ಟವರು ವಿರುಪಾಕ್ಷಪ್ಪ. ಎತ್ತರದ ಆಳು, ಬಿಳಿ ಅಂಗಿಯ ಕಾಲರ್ ಬೆವರಿನಲ್ಲಿ ನೆಂದಿತ್ತು. "ಒಳಗ ಯಾರರ ಸಿಕ್ಕೊಂಡ್ರ ಅದನ್ನ ಒತ್ತಬೇಕ್ರಿ. ಕದದ ಕೊಂಡಿ ಬಿಡ್ತೈತಿ, ಫ್ಯಾನ್ ತಿರಗತೈತಿ, ಸೈರನ್ ಹೊಡಿತೈತಿ. ಎಲ್ಲಾ ಕಂಪ್ಯೂಟರಿನ್ಯಾಗ ಜೋಡಿಸಿದ್ದೈತಿ."

"ಮತ್ತ ಯಾಕ ಹೊಡೀಲಿಲ್ಲ?"

"ತಾನ ಬಂದ್ ಮಾಡ್ಯಾನ್ರಿ. ಹೊಗಿ ಕೊಡೂ ದಿನಾ ಸೈರನ್ ಬಂದ್ ಮಾಡೂದು ಅವನ ರೂಢಿ. ಹೊಗಿ ಎಲ್ಲ್ಯರ ಸ್ವಲ್ಪ ಸೋರಿದ್ರ ಸಾಕು, ಅದು ಸುಮ್ಮ ಸುಮ್ಮನ ಒದರತೈತಿ. ತಾ ಬಂದ್ ಮಾಡಿ ತಾನ ಒಳಗ ಹೋಗ್ಯಾನ. ಏನ್ ಮಾಡೂದು? ಹಣೆಬರಹ."

ಲ್ಯಾಪ್‌ಟಾಪ್ ಪಡಸಾಲೆಯಲ್ಲಿತ್ತು. ಘಟಕದೊಳಗೆ ಇಟ್ಟರೆ ಗಂಧಕ ತಂತಿಗಳನ್ನು ತಿಂದುಹಾಕುತ್ತದೆ ಎಂದು ಮನೆಯಲ್ಲಿ ಇಟ್ಟಿದ್ದರು. ಪರದೆ ಸದಾ ತೆರೆದೇ ಇರುತ್ತಿತ್ತು. ಅದರ ತುಂಬ ಬಣ್ಣಬಣ್ಣದ ಚಿಕ್ಕ ಡಬ್ಬಿಗಳು, ಡಬ್ಬಿಯಿಂದ ಡಬ್ಬಿಗೆ ಎಳೆದ ಗೆರೆಗಳು. ಒಲೆಯ ಶಾಖಕ್ಕೊಂದು ಡಬ್ಬಿ, ಕೋಣೆಯ ತೇವಕ್ಕೊಂದು. ಒಂದು ಮೂಲೆಯಲ್ಲಿ ಗುಂಡಿ, ಕೊಂಡಿ, ಫ್ಯಾನ್, ಸೈರನ್ ಎಂಬ ನಾಲ್ಕು ಡಬ್ಬಿ ಒಂದಕ್ಕೊಂದು ಕಟ್ಟಿಕೊಂಡಿದ್ದವು. ಉಳಿದವೆಲ್ಲ ಹಸಿರು. ಈ ನಾಲ್ಕು ಮಾತ್ರ ಬೂದು ಬಣ್ಣಕ್ಕೆ ತಿರುಗಿದ್ದವು.

ಶ್ರೇಣಿಕ ಲ್ಯಾಪ್‌ಟಾಪನ್ನೂ ಮೌಸನ್ನೂ ಜಪ್ತಿ ಮಾಡಿಸಿದರು. ಪ್ರಾಜಕ್ತಾ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡಳು.

ಗೋಡೆಗೊರಗಿ ಚಾಪೆಯ ಮೇಲೆ ಗೌಡರ ಹೆಂಡತಿ ರುಕ್ಮವ್ವ ಶೇಂಗಾ ಸುಲಿಯುತ್ತ ಕೂತಿದ್ದರು. ಮನೆ ಬಾಗಿಲಲ್ಲಿ ಹೆಣ ಬಿದ್ದಿರುವಾಗಲೂ ಆ ಕೈ ನಿಂತಿರಲಿಲ್ಲ. ಆಳಿಗೆ ಹೇಳಿ ಚಹಾ ತರಿಸಿದರು. ಇನ್‌ಸ್ಪೆಕ್ಟರಿಗೆ ಕಪ್ಪು ಬಸಿ, ಮಲ್ಲೇಶನಿಗೂ ಕಪ್ಪು ಬಸಿ. ಪ್ರಾಜಕ್ತಾಳನ್ನು ಒಂದು ಗಳಿಗೆ ದಿಟ್ಟಿಸಿ ಕೇಳಿದರು.

"ಯಾವೂರವ್ವಾ ನಿಂದು? ಯಾರ ಪೈಕಿ?"

"ದಿಗ್ಗೇವಾಡಿರಿ. ಸಮಾಧಾನ ಅವರ ಮಂದಿ ಪೈಕಿನ."

"ಹೌದಾ," ಎಂದ ರುಕ್ಮವ್ವ ಆಳಿನ ಕಡೆಗೆ ನೋಡಿದರು. ಪ್ರಾಜಕ್ತಾಳಿಗೆ ಚಹಾ ಕಾಗದದ ಕಪ್ಪಿನಲ್ಲಿ ಬಂತು. ಆಕೆ ಅದನ್ನು ಮುಟ್ಟಲಿಲ್ಲ. ಆರಿ ಕೆನೆಗಟ್ಟುವ ತನಕ ಅದು ಕಟ್ಟೆಯ ಮೇಲೆ ಹಾಗೇ ಇತ್ತು.

"ಮಧ್ಯಾಹ್ನ ನೀವು ಎಲ್ಲಿದ್ರಿ, ಯವ್ವಾ?" ಶ್ರೇಣಿಕ ಕೇಳಿದರು.

"ಇಲ್ಲೇ ಮಲಗಿದ್ದೆ. ಊಟಾ ಆದ ಮ್ಯಾಲ ನನಗ ಒಂದ ಜೊಂಪು ಬೇಕು."

"ಏನೂ ಕೇಳಿಸಲಿಲ್ಲೇನ್ರಿ?"

"ಮಶೀನ್ ಹಚ್ಚಿದ್ರಲ್ಲ. ಏನ್ ಕೇಳಸ್ತೈತಿ?"

ಆ ಸಂಜೆಯೇ ಎಫ್‌ಐಆರ್ ದಾಖಲಾಯಿತು: ಭಾರತೀಯ ನ್ಯಾಯ ಸಂಹಿತೆ ಕಲಂ 106, ನಿರ್ಲಕ್ಷ್ಯದಿಂದ ಸಾವು. ಆರೋಪಿ, ತುಳಸವ್ವ. ಕಾನೂನಿನ ಕಣ್ಣಿಗೆ ಕಂಡದ್ದು ಅಷ್ಟೇ. ಕದ ಹಾಕಿದ ಕೈ ಆಕೆಯದು, ಒಲೆ ಹಚ್ಚಿದ ಕೈಯೂ ಆಕೆಯದು. ಮಲ್ಲೇಶ ಓದಿ ಹೇಳಿದ. ಹೆಬ್ಬೆಟ್ಟು ಒತ್ತುವಾಗ ತುಳಸವ್ವ ಒಂದೇ ಮಾತು ಕೇಳಿದಳು. "ಅವನ ಹೇಣ್ತಿಗೆ ನಾ ಹೆಂಗ ಮುಖಾ ತೋರಸ್ಲಿ?"

ಅವನ ಹೆಂಡತಿ ಕಾಂಚನ ಅಥಣಿ ಆಸ್ಪತ್ರೆಯ ಶವಾಗಾರದ ಹೊರಗಿದ್ದಳು. ಮರುದಿನ ಬೆಳಿಗ್ಗೆ ಶ್ರೇಣಿಕ ಅವಳನ್ನು ಕಂಡರು. ಅತ್ತೂ ಅತ್ತೂ ಅವಳ ದನಿ ಸತ್ತುಹೋಗಿತ್ತು, ಆದರೂ ಮಾತು ಚೂರಿಯ ಹಾಗೆ ನೆಟ್ಟಗಿತ್ತು.

"ಸಾಹೇಬ್ರ, ಅವರ ತಪ್ಪಿನಿಂದ ಸತ್ರು ಅಂತ ಗೌಡ್ರ ಮನಿಯವರು ಹೇಳಾಕತ್ತಾರ. ಸುಳ್ಳದು. ಇವರು ಬಂದ್ ಮಾಡ್ತಿದ್ದದ್ದು ಸೈರನ್ ಒಂದ. ಗುಂಡಿ, ಕೊಂಡಿ ಎಂದೂ ಬಂದ್ ಮಾಡಿಲ್ಲ. ಹೊಗಿ ಕೊಡೂ ದಿನಾ ಒಳಗ ಹೋಗಿ ಗುಂಡಿ ಒತ್ತಿ ನೋಡಿ ಬರತಿದ್ರು. ಮನಿಗೆ ಬಂದ್ರ ನಮ್ಮ ಗ್ಯಾಸಿನ ನಾಬ್ ಸೈತ ಎರಡೆರಡ ಸಲ ನೋಡೂ ಮನಶ್ಯಾ ಅವರು."

"ಯಾರ ಮ್ಯಾಲರ ಸಂಶಯ ಐತೇನವ್ವಾ?"

"ನನಗ ಯಾರ ಹೆಸರೂ ಗೊತ್ತಿಲ್ಲ. ಆದ್ರ ತುಳಸಾ ಮಾವ್ಶಿ ಅಲ್ಲ. ಆಕಿನ್ನ ಬಿಡ್ರಿ."

ಗಂಡನನ್ನು ಕಳೆದುಕೊಂಡವಳು ಆರೋಪಿಯ ಪರವಾಗಿ ಬೇಡಿಕೊಳ್ಳುವುದನ್ನು ಶ್ರೇಣಿಕ ಎಂದೂ ಕಂಡಿರಲಿಲ್ಲ. ಅವರ ಕಣ್ಣು ತುಂಬಿ ಬಂತು. ಅದನ್ನು ಮರೆಮಾಚಲು ಮಲ್ಲೇಶನ ಮೇಲೆ ಸುಮ್ಮನೆ ರೇಗಿದರು.

ಡಬ್ಬಿಗಳ ಆ ವ್ಯವಸ್ಥೆ ಕೂರಿಸಿದವನು ನಿಪ್ಪಾಣಿಯ ಶುಭಮ. ಠಾಣೆಗೆ ಬಂದವನು ತನ್ನ ಬೈಕಿನ ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡೇ ಕೂತ. ಜಪ್ತಿಯಾದ ಲ್ಯಾಪ್‌ಟಾಪಿನ ಪರದೆ ನೋಡಿದ್ದೇ ಅವನ ಮುಖ ಬಿಳಿಚಿಕೊಂಡಿತು.

"ನಾಕೂ ಒಮ್ಮೆಲೆ ಬಂದ್ ಆಗ್ಯಾವ್ರಿ ಸರ್. ಒಂದೊಂದ ಬಂದ್ ಮಾಡಿದ್ದಲ್ಲ."

"ಹೆಂಗ ಹೇಳ್ತಿ?"

"ಡಬ್ಬಿ ಮ್ಯಾಲ ಮೌಸಿನ ಬಲಗಡೆ ಒತ್ತಿದ್ರ ಒಂದ ಪಟ್ಟಿ ಬಿಚ್ಚತೈತ್ರಿ. ಮೊದಲ ಅದರಾಗ ಕಟ್ಟಕಡೀ ಸಾಲು 'ಇದೊಂದ ಬಂದ್ ಮಾಡು' ಅಂತ ಇತ್ತು. ಹ್ವಾದ ವಾರ ನಾ ಹೊಸಾ ಆವೃತ್ತಿ ಹಾಕೇನಿ. ಅದರಾಗ ಅದರ ಕೆಳಗ ಇನ್ನೊಂದ ಸಾಲು ಬಂದೈತಿ, 'ಇದಕ್ಕ ಜೋಡಿಸಿದ್ದೆಲ್ಲಾ ಬಂದ್ ಮಾಡು' ಅಂತ. ಈಗ ಕಟ್ಟಕಡೀ ಸಾಲು ಒತ್ತಿದ್ರ ಸೈರನ್ ಒಂದ ಅಲ್ಲ, ಅದಕ್ಕ ಕಟ್ಟಿದ್ದೆಲ್ಲಾ ಸಾಯತಾವ."

"ಸಮಾಧಾನನಿಗೆ ಇದು ಗೊತ್ತಿತ್ತೇನು?"

"ನಾನ ತೋರ್ಸೇನ್ರಿ. ಅಂವ ನನ್ನ ಮುಂದನ ಎರಡೂ ಮಾಡಿ ನೋಡಿದ. 'ಇದು ಡೇಂಜರ್ ಸಾಲು ಐತಿ ಅಣ್ಣಾ' ಅಂತ ಅಂದಿದ್ದ."

ಶ್ರೇಣಿಕ ಬಹಳ ಹೊತ್ತು ಆ ಪಟ್ಟಿಯನ್ನೇ ನೋಡಿದರು. ಎರಡು ಸಾಲುಗಳಿಗೂ ಒಂದೇ ಥರದ ಚಿತ್ರ, ಅಕ್ಷರ ಮಾತ್ರ ಬೇರೆ, ಅದೂ ಇಂಗ್ಲಿಷ್. ಓದಬಲ್ಲವನು ಓದಿ ಒತ್ತುತ್ತಾನೆ. ಯಾರೋ ಮಾಡುವುದನ್ನು ದಿನಾ ನೋಡಿ ಕಲಿತವನು, ಕೊನೆಯ ಸಾಲು ಎಂದಷ್ಟೇ ನೆನಪಿಟ್ಟುಕೊಂಡು ಒತ್ತುತ್ತಾನೆ.

"ಆ ಮನ್ಯಾಗ ಓದಾಕ ಬರದವರು ಯಾರ ಅದಾರ?" ಎಂದರು.

ಮಲ್ಲೇಶನ ತಲೆಯಲ್ಲಿ ಬೇರೊಂದು ಹೆಸರು ಓಡುತ್ತಿತ್ತು. ಗೌಡರ ಮಗ ಅಮೋಲ. ಈ ಸಲ ದ್ರಾಕ್ಷಿ ಕಟಾವಿನ ಮೊದಲ ದಿನ, ಪೂಜೆ ಮುಗಿದ ಮೇಲೆ, ವಿರುಪಾಕ್ಷಪ್ಪ ಘಟಕದ ಕೀಲಿಕೈ ಗೊಂಚಲನ್ನು ಎಲ್ಲರೆದುರು ಸಮಾಧಾನನ ಕೈಗೆ ಕೊಟ್ಟಿದ್ದರಂತೆ. ಮಗ ಪಕ್ಕದಲ್ಲೇ ನಿಂತಿದ್ದನಂತೆ. ಅಂದಿನಿಂದ ಅಮೋಲ ಘಟಕದ ಕಡೆ ತಲೆ ಹಾಕುವುದನ್ನೇ ಬಿಟ್ಟಿದ್ದ. ಊರಲ್ಲಿ ಇದನ್ನು ಆಡಿಕೊಳ್ಳದ ಬಾಯಿ ಇರಲಿಲ್ಲ. ಆದರೆ ಅಮೋಲ ಓದಿದವನು. ಮೇಲಾಗಿ ಮಂಗಳವಾರ ಇಡೀ ದಿನ ಅವನು ಚಿಕ್ಕೋಡಿಯ ಟ್ರ್ಯಾಕ್ಟರ್ ಶೋರೂಮಿನಲ್ಲಿದ್ದ. ಮಲ್ಲೇಶ ಹೋಗಿ ಅಲ್ಲಿಯ ಕ್ಯಾಮೆರಾದ ದೃಶ್ಯ ನೋಡಿಕೊಂಡು, ಬಿಸಿಲಲ್ಲಿ ಕಪ್ಪಾಗಿ ವಾಪಸು ಬಂದ.

ಗುರುವಾರ ಶ್ರೇಣಿಕ ಮತ್ತೆ ಘಟಕಕ್ಕೆ ಹೋದರು. ತೊಳೆಯುವ ಯಂತ್ರ ಹಚ್ಚಿಸಿದರು. ಮಲ್ಲೇಶನನ್ನು ಗಂಧಕದ ಕೋಣೆಯೊಳಗೆ ನಿಲ್ಲಿಸಿ ಗೋಡೆ ಗುದ್ದಲು ಹೇಳಿ, ತಾವು ಪ್ರಾಜಕ್ತಾಳ ಜೊತೆ ಪಡಸಾಲೆಯಲ್ಲಿ ನಿಂತರು. ಧಡ್ ಧಡ್ ಎಂದು ಸದ್ದು ಎದೆಗೇ ಬಂದು ಬಡಿಯಿತು. ಗೋಡೆಯ ಗೂಡಿನಲ್ಲಿದ್ದ ಹಿತ್ತಾಳೆ ಲೋಟಗಳು ನಡುಗಿದವು. ಚಾಪೆಯ ಮೇಲಿದ್ದ ರುಕ್ಮವ್ವ ತಲೆ ಎತ್ತಲಿಲ್ಲ. ಶೇಂಗಾದ ಕಾಯಿ ಒಡೆಯುತ್ತಿದ್ದ ಬೆರಳು ಮಾತ್ರ ಒಮ್ಮೆ ನಿಂತು ಮತ್ತೆ ಶುರುವಾಯಿತು.

ಮಲಗಿದ್ದವರಿಗೂ ಈ ಸದ್ದು ಕೇಳಿಸದೆ ಇರಲಾರದು ಎಂದು ಶ್ರೇಣಿಕರಿಗೆ ಖಾತ್ರಿಯಾಯಿತು.

ಇನ್ನು ಉಳಿದದ್ದು ಚಪ್ಪಲಿ. ಪಂಚನಾಮೆಯ ದಿನ ಸಮಾಧಾನನ ಚಪ್ಪಲಿ ಸಿಕ್ಕಿದ್ದು ಕೋಣೆಯಿಂದ ಸ್ವಲ್ಪ ದೂರದಲ್ಲಿ, ಎಣ್ಣೆಯ ಡಬ್ಬಗಳ ಹಿಂದೆ. ಬಿಸಿಲಿಗೆ ಕಾಯದಿರಲಿ ಎಂದು ಅವನೇ ಅಲ್ಲಿ ಬಿಟ್ಟಿರಬೇಕು ಎಂದು ಗೌಡರು ಹೇಳಿದ್ದರು. ಆಗ ಹೌದೆನಿಸಿತ್ತು. ಈಗ ಪ್ರಾಜಕ್ತಾ ತಾನು ತೆಗೆದ ವಿಡಿಯೋವನ್ನು ನಿಲ್ಲಿಸಿ ತೋರಿಸಿದಳು.

"ಸರ್, ಒಂದ ಚಪ್ಪಲಿ ಬೋರಲ ಬಿದ್ದೈತಿ ನೋಡ್ರಿ. ಯಾರ ಮನ್ಯಾಗೂ ಚಪ್ಪಲಿ ಬೋರಲ ಬಿಡಂಗಿಲ್ಲ, ಮನ್ಯಾಗ ಜಗಳ ಆಗತಾವ ಅಂತ. ಸಣ್ಣ ಹುಡುಗ್ರು ಸೈತ ಕಾಲಿಲೆ ಹೊಳ್ಳಸ್ತಾರ. ಕೈಲೆ ಇಟ್ಟಾಂವ ಹಿಂಗ ಬಿಡಂಗಿಲ್ಲ."

"ಮತ್ತ?"

"ಎಳಕೊಂಡ ಹೋಗ್ಯಾರ್ರಿ. ಕೈ ಮುಟ್ಟಲಾರದಂಗ."

ಜಪ್ತಿ ಮಾಡಿದ ಚಪ್ಪಲಿ ತರಿಸಿ ನೋಡಿದರೆ, ಒಂದರ ಕಂದು ಚರ್ಮದ ಪಟ್ಟಿ ಹರಿದಿತ್ತು. ಹರಿದ ಕಡೆ ತುಕ್ಕಿನ ಕೆಂಪು ಗೆರೆ. ಯಾವುದೋ ಕಬ್ಬಿಣದ ಕೊಕ್ಕೆ ಸಿಕ್ಕಿಸಿ ಎಳೆದ ಗುರುತು ಅದು.

ಘಟಕದಲ್ಲಿ ಕೊಕ್ಕೆಯಿರುವ ಸಾಮಾನುಗಳನ್ನೆಲ್ಲ ಮಲ್ಲೇಶ ಹುಡುಕಿದ. ಏನೂ ಹೊಂದಲಿಲ್ಲ. ಸುಸ್ತಾಗಿ ಮನೆಯ ಹಿತ್ತಿಲ ಕಟ್ಟೆಗೆ ಬಂದು ಕೂತ. ಆ ಹಿತ್ತಿಲ ಬಾಗಿಲು ತೆರೆದರೆ ಎದುರಿಗೇ ಗಂಧಕದ ಕೋಣೆಯ ಹೊಸ್ತಿಲು. ಬದಿಯಲ್ಲಿ ಒಂದು ನುಗ್ಗೆ ಗಿಡ, ಅದಕ್ಕೆ ಒರಗಿಸಿದ ದೋಟಿ. ಕಾಯಿ ಕೊಯ್ಯುವ ಉದ್ದನೆಯ ಬಿದಿರು ಕೋಲಿನ ತುದಿಗೆ ಕಬ್ಬಿಣದ ಕೊಕ್ಕೆ ಕಟ್ಟಿತ್ತು. ಬಿದಿರು ಇನ್ನೂ ಹಸಿರಾಗಿತ್ತು. ಕೊಕ್ಕೆಗೆ ಅಂಗಡಿಯ ಎಣ್ಣೆಯ ಮೆರುಗು ಹಾಗೇ ಇತ್ತು.

ಪ್ರಾಜಕ್ತಾ ಅದನ್ನು ನೋಡಿದಳು. ಆಮೇಲೆ ಏನೂ ಹೇಳದೆ ಹಿತ್ತಿಲ ಕೊನೆಯ ತಿಪ್ಪೆಗುಂಡಿಯ ಕಡೆ ನಡೆದಳು. ಅಲ್ಲಿ, ಸಗಣಿ ಕಸದ ನಡುವೆ, ಹಳೆಯ ದೋಟಿ ಬಿದ್ದಿತ್ತು. ಬಿದಿರು ಮುರಿದಿರಲಿಲ್ಲ. ತುಕ್ಕು ಹಿಡಿದಿದ್ದರೂ ಕೊಕ್ಕೆ ಗಟ್ಟಿಯಾಗಿತ್ತು. ಅದರ ತುದಿಗೆ ಕಂದು ಚರ್ಮದ ಒಂದು ಚೂರು ಅಂಟಿಕೊಂಡಿತ್ತು.

"ಇಷ್ಟ ಗಟ್ಟಿಮುಟ್ಟ ದೋಟಿ ಯಾರರ ತಿಪ್ಪಿಗೆ ಒಗೀತಾರೇನ್ರಿ ಸರ್?" ಎಂದಳು. "ನಮ್ಮಂಥವರ ಚಪ್ಪಲಿ ಮುಟ್ಟೇತಿ ಅಂತ ಒಗದಾರ."

ಪಂಚರ ಸಮಕ್ಷಮ ದೋಟಿ ಜಪ್ತಿಯಾಯಿತು. ಹೊಸ ದೋಟಿ ಕಟ್ಟಿಕೊಟ್ಟ ಆಳನ್ನು ಕೇಳಿದಾಗ, ಬುಧವಾರ ಬೆಳಿಗ್ಗೆ ಅವ್ವಾರೇ ಹೇಳಿ ಕಟ್ಟಿಸಿದರು, ಹಳೆಯದನ್ನು ಮುಟ್ಟಬೇಡ ಅಂದಿದ್ದರು ಎಂದು ಹೇಳಿಕೆ ಕೊಟ್ಟ. ಬೆಳಗಾವಿಗೆ ಕಳಿಸಿದ್ದ ಮೌಸಿನ ಮೇಲಿನ ಬೆರಳಚ್ಚಿನ ವರದಿ ಮುಂದಿನ ಮಂಗಳವಾರ ಬಂತು. ಅದರ ಮೇಲೆ ಸಮಾಧಾನನ ಅಚ್ಚುಗಳಿದ್ದವು. ಅವುಗಳ ಮೇಲೆ ಇನ್ನೊಬ್ಬರವೂ ಇದ್ದವು. ಸ್ಥಳದಲ್ಲಿದ್ದವರೆಲ್ಲರಿಂದ ಮೊದಲ ದಿನವೇ ಪಡೆದ ಮಾದರಿಗಳ ಜೊತೆ ತಾಳೆ ಹಾಕಿದಾಗ ಅನುಮಾನ ಉಳಿಯಲಿಲ್ಲ.

ಆ ಮಂಗಳವಾರ ಮಧ್ಯಾಹ್ನವೇ ಜೀಪು ತೆಲಸಂಗಕ್ಕೆ ಹೋಯಿತು. ಹೆಂಗಸರನ್ನು ಸೂರ್ಯ ಮುಳುಗಿದ ಮೇಲೆ ಬಂಧಿಸುವಂತಿಲ್ಲ, ಶ್ರೇಣಿಕರಿಗೆ ಅದರ ಗಡಿಬಿಡಿ ಇತ್ತು. ಪಡಸಾಲೆಯಲ್ಲಿ ವಿರುಪಾಕ್ಷಪ್ಪ, ಅಮೋಲ ಇಬ್ಬರೂ ಇದ್ದರು. ಶ್ರೇಣಿಕ ಹಳೆಯ ದೋಟಿಯನ್ನು ರುಕ್ಮವ್ವನ ಚಾಪೆಯ ಮುಂದೆ ಇಡಿಸಿದರು. ಆಕೆ ಚಾಪೆಯನ್ನು ಒಂದಿಷ್ಟು ಹಿಂದಕ್ಕೆಳೆದುಕೊಂಡರು.

"ಇದನ್ನ ಯಾಕ ಒಗದ್ರಿ, ಯವ್ವಾ?"

ರುಕ್ಮವ್ವ ಇನ್ನೊಂದು ಶೇಂಗಾದ ಕಾಯಿ ಒಡೆದರು.

"ಇದರಲೆ ಚಪ್ಪಲಿ ಎಳದಾಂವ ಅಮೋಲ ಏನ್ರಿ?"

"ಅವನ ಹೆಸರ ತಗೀಬ್ಯಾಡ್ರಿ." ಆಕೆಯ ದನಿ ಮೊದಲ ಸಲ ಏರಿತು. "ಅವಂಗ ಏನೂ ಗೊತ್ತಿಲ್ಲ. ಎಳದಾಕಿ ನಾನು."

ವಿರುಪಾಕ್ಷಪ್ಪ ಅಲ್ಲೇ ಕುಸಿದು ಕೂತರು. ಪ್ರಾಜಕ್ತಾಳ ಮೊಬೈಲ್ ಹೇಳಿಕೆಯನ್ನು ಚಿತ್ರೀಕರಿಸುತ್ತಿತ್ತು.

"ನಿಮಗ ಓದಾಕ ಬರಂಗಿಲ್ಲ. ಕಂಪ್ಯೂಟರ್ ಹೆಂಗ ಮುಟ್ಟಿದ್ರಿ?"

"ಅದರಾಗ ಓದೂದೇನ ಐತ್ರಿ? ರಂಗೋಲಿ ಇದ್ದಂಗ ಐತಿ, ಚುಕ್ಕಿಯಿಂದ ಚುಕ್ಕಿಗೆ ಗೆರಿ. ಅಂವ ದಿನಾ ಇಲ್ಲೇ ನಿಂತ ಮಾಡ್ತಿದ್ದ. ನಾ ದಿನಾ ಇಲ್ಲೇ ಕುಂತ ನೋಡ್ತಿದ್ದೆ. ಮಧ್ಯಾಹ್ನ ನನ್ನ ನಿದ್ದಿ ಕೆಡತೈತಿ ಅಂದ್ರ ಸೈರನ್ ಬಾಯಿ ಮುಚ್ಚಸ್ತಿದ್ದ. ಡಬ್ಬಿ ಮ್ಯಾಲ ಒತ್ತೂದು, ಕಡೀ ಸಾಲು ಒತ್ತೂದು, ಬೂದಿ ಬಣ್ಣ ಆಗೂದು. ಅಷ್ಟ."

"ಅಂವ ಸಾಯಲಿ ಅಂತ ಮಾಡಿದ್ರೇನು?"

"ಇಲ್ಲ." ಆಕೆ ಮಡಿಲಿನ ಶೇಂಗಾ ಸಿಪ್ಪೆ ಕೊಡವಿದರು. "ಒಳಗ ಸಿಗಲಿ, ಸ್ವಲ್ಪ ಕೆಮ್ಮಲಿ, ಗುಂಡಿ ಒತ್ತಿ ಹೊರಗ ಬರಲಿ ಅಂತಿತ್ತು. ಫ್ಯಾನ್ ತಿರುಗಿದ್ರ ಹೊಗಿ ಎಲ್ಲಾ ಹೋಗತೈತಿ, ಮಾಲು ಕಪ್ಪಾಗತೈತಿ. ಚಪ್ಪಲಿ ಬಾಗಲದಾಗ ಬಿಡಲಾರದ ಹೋದಾಂವ ಅವನ ಅಂತ ಆಗತೈತಿ. ಸೈರನ್ ಹೊಡದ್ರ ಎಲ್ಲಾರೂ ಓಡಿ ಬಂದು ಅಯ್ಯೋ ಪಾಪ ಅಂತಾರ. ಅದು ಹೊಡೀಬಾರದಿತ್ತು. ಅವತ್ತ ಅಂವ ಅದನ್ನ ಇನ್ನೂ ಬಂದ್ ಮಾಡಿರಲಿಲ್ಲ, ನಾನ ಮಾಡಿದೆ. ಇವರು ಸಿಟ್ಟಿಗೆದ್ದು ಕೀಲಿಕೈ ಕಸಗೋಬೇಕಿತ್ತು. ನನ್ನ ಮಗನ ಕೈಗೆ ಬರಬೇಕಿತ್ತು."

"ನಾಕೂ ಡಬ್ಬಿ ಬೂದಿ ಬಣ್ಣ ಆದ್ವಲ್ಲ?"

"ಆದ್ವು. ಏನೋ ಹೊಸಾದು ಅನ್ಕೊಂಡೆ."

"ಆಮ್ಯಾಲ ಗೋಡೆ ಬಡದದ್ದು ಕೇಳಿಸಿತು."

ರುಕ್ಮವ್ವ ಗೂಡಿನ ಲೋಟಗಳ ಕಡೆ ನೋಡಿದರು.

"ಕೇಳಿಸ್ತು. ಗುಂಡಿ ನಡೀವಲ್ದು ಅಂತ ತಿಳೀತು. ಎದ್ದೆ. ಬಾಗಲಾ ತನಕ ಹ್ವಾದೆ." ಆಕೆ ಹಿತ್ತಿಲ ಬಾಗಿಲಿನ ಕಡೆ ಕೈ ತೋರಿಸಿದರು. "ಹೊಳ್ಳಿ ಬಂದ ಕುಂತೆ."

ಮಲ್ಲೇಶ ಆ ಸಾಲನ್ನು ಬರೆಯಲು ಪೆನ್ನು ಎತ್ತಿದ. ಅವನಿಗೆ ಆ ಮುದುಕಿಯ ಮೇಲೆ ಎಂಥ ಸಿಟ್ಟು ಬಂತೆಂದರೆ ಅಕ್ಷರ ಕೆಟ್ಟವು.

ಆಗ ಅಮೋಲ ಮಾತಾಡಿದ. ತೆಳ್ಳನೆಯ ಹುಡುಗ, ಮಾತಿನ ನಡುವೆ ಅವನ ಎದೆ ಸಣ್ಣಗೆ ಸಿಳ್ಳು ಹೊಡೆಯುತ್ತಿತ್ತು.

"ಯವ್ವಾ, ಕೀಲಿಕೈ ಅವನ ಕೈಯಾಗ ಕೊಡ್ರಿ ಅಂತ ಅಪ್ಪಗ ಹೇಳಿದಾಂವ ನಾನು."

ರುಕ್ಮವ್ವ ಅವನ ಕಡೆ ತಿರುಗಿದರು.

"ಗಂಧಕದ ಹೊಗಿ ನನಗ ತಡಕೊಳ್ಳಾಕ ಆಗವಲ್ದು. ಎರಡ ವರ್ಷ ಆತು, ದವಾಖಾನಿಗೆ ತೋರಸಾಕತ್ತೇನಿ. ಆ ಘಟಕದಾಗ ಕಾಲ ಇಡಬ್ಯಾಡ ಅಂದಾರ ಡಾಕ್ಟರು. ಟ್ರ್ಯಾಕ್ಟರ್ ತಗೊಂಡು ಕಬ್ಬಿನ ಕೆಲಸಾ ಮಾಡ್ತೀನಿ, ಇದನ್ನ ಸಮಾಧಾನ ನೋಡ್ಲಿ ಅಂತ ನಾನ ಹೇಳಿದ್ದೆ."

"ನನಗ ಯಾಕ ಹೇಳಲಿಲ್ಲೋ, ಅಮೋಲಾ?"

"ನೀ ಚಿಂತಿ ಮಾಡ್ತಿ ಅಂತ," ಎಂದ ಮಗ.

ಬಂಧನದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವಾಗ ಸಂಜೆಯ ಬಿಸಿಲು ಇನ್ನೂ ಅಂಗಳದಲ್ಲಿತ್ತು. ಜೀಪಿನ ಮೆಟ್ಟಿಲು ಎತ್ತರ. ಪ್ರಾಜಕ್ತಾ ಆಕೆಯನ್ನು ಹತ್ತಿಸಲು ಕೈ ಚಾಚಿದಳು. ರುಕ್ಮವ್ವ ಮೊದಲು ಕೈ ಹಿಂದಕ್ಕೆಳೆದುಕೊಂಡರು. ಒಬ್ಬರೇ ಹತ್ತಲು ನೋಡಿದರು, ಕಾಲು ಏಳಲಿಲ್ಲ. ಕೊನೆಗೆ ಅದೇ ಕೈಯನ್ನು ಹಿಡಿದು ಹತ್ತಿದರು, ಠಾಣೆ ಬರುವವರೆಗೂ ಬಿಡಲಿಲ್ಲ.

ಪ್ರಕರಣದ ಕಲಂ ಬದಲಾಯಿತು. ಕೊಲೆಯೋ, ಕೊಲೆಯಲ್ಲದ ನರಹತ್ಯೆಯೋ ಎಂಬುದನ್ನು ನ್ಯಾಯಾಲಯ ತೀರ್ಮಾನಿಸುತ್ತದೆ. ಶ್ರೇಣಿಕ ತಮ್ಮ ವರದಿಯಲ್ಲಿ ಕಾರಣದ ಕೆಳಗೆ ಚಿಕ್ಕದಾಗಿ ಬರೆದರು: ಮಗನಿಗೆ ಅವಮಾನವಾಯಿತೆಂದು ತಾಯಿ ಭಾವಿಸಿದ್ದಳು, ಮಗನಿಗೆ ಹಾಗೆ ಅನಿಸಿರಲಿಲ್ಲ. ಆಕೆ ಆ ಸಾಲು ಒತ್ತಿದ್ದು ತಪ್ಪಿನಿಂದ ಆದದ್ದು. ಬಾಗಿಲವರೆಗೆ ಹೋಗಿ ತಿರುಗಿ ಬಂದದ್ದು ತಪ್ಪಿನಿಂದ ಆದದ್ದಲ್ಲ.

ಮರುದಿನ ಜಾಮೀನಿನ ಮೇಲಿದ್ದ ತುಳಸವ್ವನನ್ನು ಕರೆಸಿ, ಆರೋಪಿಗಳ ಪಟ್ಟಿಯಿಂದ ಆಕೆಯ ಹೆಸರು ತೆಗೆದಿರುವುದಾಗಿ ಹೇಳಿದರು. ಕಾಂಚನಳೂ ಬಂದು ಪಕ್ಕದಲ್ಲಿ ಕೂತಿದ್ದಳು.

"ಚಪ್ಪಲಿ ತಗದಾಕಿ ಬ್ಯಾರೆ, ಗುಂಡಿ ಕೆಡಿಸಿದಾಕಿನೂ ಅಕಿನ. ನೀ ಕೊಂದಿಲ್ಲ, ತುಳಸವ್ವಾ. ಮನಿಗೆ ಹೋಗು," ಎಂದರು ಶ್ರೇಣಿಕ.

ತುಳಸವ್ವ ತಲೆಯಾಡಿಸಿದಳು. ಅರ್ಥವಾಯಿತೋ ಇಲ್ಲವೋ ತಿಳಿಯಲಿಲ್ಲ. ಕಾಂಚನ ಆಕೆಯ ಕೈ ಹಿಡಿದು ಎಬ್ಬಿಸಿದಳು. ಇಬ್ಬರೂ ಹೊರಗೆ ನಡೆದರು. ಮಲ್ಲೇಶ ಮಾಮೂಲಿನಂತೆ ದಾಖಲೆ ಕೋಣೆಯ ಕದ ಎಳೆದುಕೊಂಡು ಕೀಲಿ ಹಾಕಲು ಹೋದ. ಅಂಗಳ ದಾಟುತ್ತಿದ್ದ ತುಳಸವ್ವ ಆ ಸದ್ದಿಗೆ ಗಕ್ಕನೆ ನಿಂತಳು. ಕಾಂಚನಳ ಕೈ ಬಿಡಿಸಿಕೊಂಡು ಓಡಿ ಬಂದು ಕದದ ಸಂದಿಗೆ ಬಾಯಿಟ್ಟು ಕೂಗಿದಳು.

"ಯಾರರ ಅದೀರೇನ್ರೋ ಒಳಗ?"

ಮಲ್ಲೇಶ ಕದ ಪೂರ್ತಿ ತೆರೆದು, ಒಳಗೆ ಯಾರೂ ಇಲ್ಲವೆಂದು ಆಕೆಗೆ ತೋರಿಸಿದ. ಆಮೇಲೆ ಮುಚ್ಚಿದ.